ಬಿಸಿಯಾದ ಮೇಲೆ ನಿಲ್ಲುವ ಬೀಟಲ್: ದೋಷ ಹುಡುಕುವ ಕ್ರಮ

ಕಾರು 1966ರ ಫೋಕ್ಸ್‌ವ್ಯಾಗನ್ ಬೀಟಲ್ 1300. ಹಿಂಬದಿಯಲ್ಲಿ ಗಾಳಿಯಿಂದ ತಂಪಾಗುವ ನಾಲ್ಕು ಸಿಲಿಂಡರಿನ 1285 ಸಿಸಿ ಇಂಜಿನ್, ಮುಂಬದಿಯಲ್ಲಿ ಸುಮಾರು 40 ಲೀಟರ್ ಹಿಡಿಯುವ ಪೆಟ್ರೋಲ್ ಟ್ಯಾಂಕ್, ಹಿಂದಿನ ಸೀಟಿನ ಕೆಳಗೆ 6 ವೋಲ್ಟಿನ ಬ್ಯಾಟರಿ. ಮಡಗಾಂವದ ಒಂದು ಮನೆಯ ಹಿತ್ತಿಲಿನಲ್ಲಿ ವರ್ಷಗಟ್ಟಲೆ ಉಪ್ಪುಗಾಳಿಗೂ ಮಳೆಗೂ ಮೈಯೊಡ್ಡಿ ನಿಂತಿದ್ದ ಇದನ್ನು ಟೆಂಪೋದಲ್ಲಿ ಹೇರಿಕೊಂಡು ಪುಣೆಗೆ ತಂದೆ. ಕೋಥ್ರೂಡಿನ ನಮ್ಮ ಮನೆಯ ಕೆಳಗೆ ಎರಡು ವರ್ಷ ರವಿವಾರಗಳಂದು ಕೆಲಸ ಮಾಡಿ ತಳದ ತಗಡು, ಬಾಗಿಲ ಕೆಳಗಿನ ಹೀಟರ್ ಚಾನೆಲ್ಲು, ಬ್ಯಾಟರಿ ಕೂರುವ ಜಾಗ ಎಲ್ಲವನ್ನೂ ಹೊಸದಾಗಿ ವೆಲ್ಡ್ ಮಾಡಿಸಿ ಬಣ್ಣ ಹೊಡೆಸಿ ರಸ್ತೆಗಿಳಿಸಿದ ಮೇಲೆ ಈ ದೋಷ ಕಾಣಿಸಿಕೊಂಡಿತು.

ಲಕ್ಷಣ ಹೀಗಿತ್ತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎರಡನೆಯ ಸುತ್ತಿಗೇ ಇಂಜಿನ್ ಚಾಲೂ ಆಗುತ್ತಿತ್ತು. ಇಪ್ಪತ್ತು, ಇಪ್ಪತ್ತೈದು ನಿಮಿಷ ಚೆನ್ನಾಗಿ ಓಡಿ, ಕಾತ್ರಜ್ ಘಾಟಿನ ಏರು ಹತ್ತುವಾಗ ಜಗ್ಗಿ ಜಗ್ಗಿ ನಿಂತುಬಿಡುತ್ತಿತ್ತು. ಆಗ ಎಷ್ಟು ಸೆಲ್ಫ್ ಹೊಡೆದರೂ ಪ್ರಯೋಜನವಿರಲಿಲ್ಲ. ಅರ್ಧ ಗಂಟೆ ಬಿಟ್ಟು ಹೊಡೆದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತಿತ್ತು.

ಗಾಳಿಯಿಂದ ತಂಪಾಗುವ ಇಂಜಿನ್ ಎಂದ ಕೂಡಲೇ ನೋಡಿದವರೆಲ್ಲ ಹೇಳುವ ಮಾತು ಒಂದೇ. ನಮ್ಮ ತಗಡಿನ ಕೆಲಸ ಮಾಡಿಕೊಟ್ಟ ವೆಲ್ಡರ್ ಇಂಡಿ ತಾಲೂಕಿನವನು. ಕೈ ಬಹಳ ನಾಜೂಕು. ಅವನೂ ಅದನ್ನೇ ಹೇಳಿದ: "ಸರ್, ಪೆಟ್ರೋಲ್ ಕುದ್ದು ಹಬಿ ಆಗಾಕತ್ತೈತ್ರಿ. ಪಂಪಿನ ಮ್ಯಾಲ ಹಸಿ ಅರಿವಿ ಹಾಕ್ರಿ, ಹೊಂಡತೈತಿ." ಹಾಕಿದೆ, ಹೊರಟಿತು. ಮರುವಾರ ಮತ್ತೆ ನಿಂತಿತು, ಮತ್ತೆ ಹಾಕಿದೆ, ಮತ್ತೆ ಹೊರಟಿತು. ಹೀಗೆ ಹಸಿ ಬಟ್ಟೆಯ ಮೇಲೆ ನಂಬಿಕೆ ಕೂತು ಹೊಸ ಪೆಟ್ರೋಲ್ ಪಂಪು ಕೊಂಡೆ, ಆಮೇಲೆ ಕಿಡಿಯ ವಿದ್ಯುತ್ತನ್ನು ಹುಟ್ಟಿಸುವ ಇಗ್ನಿಷನ್ ಕಾಯಿಲನ್ನೂ ಹೊಸದು ಕೊಂಡೆ. ಎರಡೂ ವ್ಯರ್ಥವಾದವು. ಬಟ್ಟೆ ತೋಯಿಸಿ ತಂದು, ಸುತ್ತಿ, ಕಾದು, ಮತ್ತೆ ಸೆಲ್ಫ್ ಹೊಡೆಯುವಷ್ಟರಲ್ಲಿ ಹೇಗೂ ಇಪ್ಪತ್ತು ನಿಮಿಷ ಕಳೆದಿರುತ್ತಿತ್ತೆಂಬುದು ನನಗೆ ಆಗ ಹೊಳೆಯಲಿಲ್ಲ.

ಅರ್ಧ ಗಂಟೆ ನಿಂತ ಕಾರಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಇಂಜಿನ್ ತಣ್ಣಗಾಗುವುದು ಒಂದು. ಪೆಟ್ರೋಲ್ ಹರಿಯದೆ ಸುಮ್ಮನಿರುವುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಲೆಕ್ಕಕ್ಕೆ ಹಿಡಿಯುತ್ತಾರೆ, ಎರಡನೆಯದನ್ನು ಯಾರೂ ಹಿಡಿಯುವುದಿಲ್ಲ. ತುಕ್ಕು ಹಿಡಿದಿದ್ದ ಕಾರಿನಲ್ಲಿ ಇವೆರಡನ್ನೂ ಬೇರೆ ಬೇರೆ ಮಾಡಿ ನೋಡದ ಹೊರತು ದೋಷ ಸಿಗುವುದಿಲ್ಲ. ಆದ್ದರಿಂದ ಯಾವ ಸ್ಪಾನರನ್ನೂ ಕೈಗೆತ್ತಿಕೊಳ್ಳುವ ಮೊದಲು ಎರಡು ಓಟಗಳನ್ನು ಮಾಡಬೇಕು. ಸುಡುವ ಮಧ್ಯಾಹ್ನದಲ್ಲಿ ಊರೊಳಗಿನ ಗದ್ದಲದಲ್ಲಿ ಒಂದು ಗಂಟೆ ನಿಧಾನವಾಗಿ ಓಡಿಸಬೇಕು. ಚಳಿಗಾಲದ ಬೆಳಿಗ್ಗೆ ತೆರೆದ ರಸ್ತೆಯಲ್ಲಿ 70 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ಓಡಿಸಬೇಕು. ಮೊದಲ ಓಟದಲ್ಲಿ ನಿಂತರೆ ಶಾಖವನ್ನು ಸಂಶಯಿಸಬಹುದು. ಎರಡನೆಯದರಲ್ಲಿ ಮಾತ್ರ ನಿಂತರೆ ಹರಿವನ್ನು ಸಂಶಯಿಸಬೇಕು, ಏಕೆಂದರೆ ಆ ವೇಗದಲ್ಲಿ ಈ ಇಂಜಿನ್ ಗಂಟೆಗೆ ಐದಾರು ಲೀಟರ್ ಪೆಟ್ರೋಲ್ ಎಳೆಯುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಅದರ ಒಂದು ಚೂರನ್ನು ಮಾತ್ರ. ನನ್ನ ಕಾರು ಏಪ್ರಿಲ್ಲಿನ ಮಧ್ಯಾಹ್ನ ಕರ್ವೆ ರಸ್ತೆಯಿಂದ ಲಕ್ಷ್ಮೀ ರಸ್ತೆಯವರೆಗೂ ತೆವಳಿಕೊಂಡು ಹೋಗಿ ಬಂದರೂ ಒಮ್ಮೆಯೂ ನಿಂತಿರಲಿಲ್ಲ. ಡಿಸೆಂಬರಿನಲ್ಲಿ, ಸ್ವೆಟರ್ ಹಾಕಿಕೊಂಡು ಬೆಳಿಗ್ಗೆ ಆರೂವರೆಗೆ ಹೊರಟಾಗ, ಇಪ್ಪತ್ತೆರಡನೆಯ ನಿಮಿಷಕ್ಕೆ ನಿಂತಿತ್ತು. ಪಂಪು, ಕಾಯಿಲ್ ಕೊಳ್ಳುವ ಮೊದಲೇ ಇದನ್ನು ಬರೆದಿಟ್ಟುಕೊಂಡಿದ್ದರೆ ಆ ಹಣ ಉಳಿಯುತ್ತಿತ್ತು.

ನಿಲ್ಲುವ ರೀತಿ

ಇಂಜಿನ್ ಹೇಗೆ ನಿಂತಿತು ಎಂಬುದನ್ನು ಗಮನಿಸುವವರು ಕಡಿಮೆ. ಎಲ್ಲರ ಚಿತ್ತವೂ ಹಿಂದಿನ ಲಾರಿಯ ಹಾರನ್ನಿನ ಮೇಲಿರುತ್ತದೆ. ಆದರೆ ಅರ್ಧ ಉತ್ತರ ಅಲ್ಲಿಯೇ ಇದೆ. ಗುಂಡಿ ಒತ್ತಿ ದೀಪ ಆರಿಸಿದಂತೆ ಒಂದೇ ಸಲಕ್ಕೆ ಸತ್ತರೆ ಕಿಡಿ ಹೋಗಿದೆ ಎಂದರ್ಥ. ಕಾಯಿಲ್, ಕಿಡಿಗೆ ಬಲ ಕೊಡುವ ಕಂಡೆನ್ಸರ್, ಕೀಲಿ ಸ್ವಿಚ್ಚು ಅಥವಾ ಯಾವುದೋ ತಂತಿ. ಕೆಮ್ಮಿ, ಜಗ್ಗಿ, ಆಕ್ಸಿಲರೇಟರನ್ನು ಒತ್ತಿ ಒತ್ತಿ ಬಿಟ್ಟಾಗ ಕ್ಷಣಕಾಲ ಜೀವ ಬಂದಂತಾಗಿ ಮತ್ತೆ ಕುಗ್ಗಿದರೆ ಪೆಟ್ರೋಲ್ ಸಾಲುತ್ತಿಲ್ಲ. ಒತ್ತಿದಾಗಲೆಲ್ಲ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಪುಟ್ಟ ಪಂಪು ಅದರ ಬಟ್ಟಲಿನಲ್ಲಿ ಉಳಿದದ್ದನ್ನು ಚಿಮ್ಮಿಸುವುದರಿಂದ ಆ ಕ್ಷಣದ ಜೀವ ಬರುತ್ತದೆ. ಇನ್ನು ನಿಜವಾಗಿ ಇಂಜಿನ್ ಅತಿಯಾಗಿ ಕಾದಿದ್ದರೆ ಅದು ಹೀಗೆ ಶುಚಿಯಾಗಿ ನಿಂತು ಅರ್ಧ ಗಂಟೆಯಲ್ಲಿ ಶುಚಿಯಾಗಿ ಹೊರಡುವುದಿಲ್ಲ. ಮೊದಲು ಏರಿನಲ್ಲಿ ಬಲ ಕುಂದುತ್ತದೆ, ಒಳಗೆ ಗಾಜಿನ ಗೋಲಿಗಳನ್ನು ಡಬ್ಬಿಯಲ್ಲಿ ಅಲುಗಿಸಿದಂತೆ ಟಿಣಿಟಿಣಿ ಸದ್ದು ಬರುತ್ತದೆ, ಆಯಿಲ್ ಸುಟ್ಟ ವಾಸನೆ ಬರುತ್ತದೆ, ನಿಧಾನದ ಓಟದಲ್ಲಿ ಆಯಿಲ್ ಒತ್ತಡದ ದೀಪ ಮಿಣುಕುತ್ತದೆ. ಈ ಕಾರಿನಲ್ಲಿ ಶಾಖ ತೋರಿಸುವ ಮುಳ್ಳು ಇಲ್ಲವಾದ್ದರಿಂದ ಕಿವಿ, ಮೂಗುಗಳೇ ಮೀಟರು.

ನಿಂತ ಮೊದಲ ಹತ್ತು ನಿಮಿಷ

ಸಾಕ್ಷಿ ಉಳಿಯುವುದು ಹತ್ತು ನಿಮಿಷ ಮಾತ್ರ. ಕಾರನ್ನು ಬದಿಗೆ ತಳ್ಳಿ, ಹಿಂದೆ ತ್ರಿಕೋನ ಫಲಕ ಇಟ್ಟು, ಮೊದಲು ಕೀಲಿಯನ್ನು ಆರಿಸಬೇಕು. ಪಾಯಿಂಟು (ಕಾಯಿಲಿನ ವಿದ್ಯುತ್ತನ್ನು ಹರಿಸಿ ಕಡಿಯುವ ಸಣ್ಣ ಸ್ವಿಚ್ಚು) ಮುಚ್ಚಿದ ಸ್ಥಿತಿಯಲ್ಲಿ ಇಂಜಿನ್ ನಿಂತಿದ್ದು ಕೀಲಿ ಆನ್ ಇದ್ದರೆ ಕಾಯಿಲಿನೊಳಗೆ ವಿದ್ಯುತ್ತು ಹರಿಯುತ್ತಲೇ ಇದ್ದು ಅದು ಸುಡುವಷ್ಟು ಬಿಸಿಯಾಗುತ್ತದೆ. ಇಲ್ಲದ ದೋಷವೊಂದು ಹೀಗೆ ನಮ್ಮ ಕೈಯಿಂದಲೇ ಹುಟ್ಟಬಹುದು.

ಮೊದಲ ಪರೀಕ್ಷೆಗೆ ಮೀಟರಾಗಲಿ ಲ್ಯಾಂಪಾಗಲಿ ಬೇಡ. ಏರ್ ಕ್ಲೀನರನ್ನು ಕಳಚಿ (ಇದರ ತಳದಲ್ಲಿ ಆಯಿಲ್ ಇರುವುದರಿಂದ ವಾಲಿಸದೆ ನೆಟ್ಟಗೆ ಹಿಡಿಯಬೇಕು) ಕಾರ್ಬ್ಯುರೇಟರಿನ ಗಂಟಲೊಳಗೆ ನೋಡುತ್ತ ಥ್ರಾಟಲ್ ಸನ್ನೆಯನ್ನು ಕೈಯಿಂದ ತಟ್ಟನೆ ತೆರೆಯಬೇಕು. ಹಿತ್ತಾಳೆಯ ಸಣ್ಣ ನಳಿಗೆಯಿಂದ ಸೂಜಿಯಂತಹ ಧಾರೆ ಚಿಮ್ಮಿದರೆ ಬಟ್ಟಲಿನಲ್ಲಿ ಪೆಟ್ರೋಲ್ ಇದೆ. ಪೆಟ್ರೋಲನ್ನು ಮರೆತು ಕಿಡಿಯತ್ತ ಹೋಗಬೇಕು. ಚಿಮ್ಮದಿದ್ದರೆ, ಅಥವಾ ಎರಡು ಸಲ ಚಿಮ್ಮಿ ಬತ್ತಿದರೆ, ಬಟ್ಟಲು ಬರಿದು.

ಹಾಗೆಂದು ಕಿಡಿಯ ಪರೀಕ್ಷೆಯನ್ನು ಬಿಡಬಾರದು. ಅದನ್ನು ಪೆಟ್ರೋಲಿನ ಪೈಪು ಬಿಚ್ಚುವ ಮೊದಲೇ ಮಾಡಿ ಮುಗಿಸಬೇಕು. ಬಿಚ್ಚಿದ ಪೈಪಿನ ಪಕ್ಕ ಕಿಡಿ ಹಾರಿಸಿ ಕಾರಿಗೇ ಬೆಂಕಿ ಇಡುವುದು ಕಷ್ಟದ ಕೆಲಸವೇನಲ್ಲ. ಬೇರೊಂದು ಒಳ್ಳೆಯ ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ, ಒಬ್ಬರು ಸೆಲ್ಫ್ ಹೊಡೆಯಬೇಕು. ನೀಲಿಯಾಗಿ ಚಟಚಟ ಹಾರಿದರೆ ಸರಿ. ಹಳದಿಯಾಗಿ ಬಡಕಲಾಗಿದ್ದರೆ ಕಂಡೆನ್ಸರ್ ಅಥವಾ ಕಾಯಿಲ್. ಘಾಟಿನಲ್ಲಿ ನಮ್ಮದು ನೀಲಿಯಾಗಿಯೇ ಹಾರಿತು. ಕಾರ್ಬ್ಯುರೇಟರ್ ಒಂದು ತೊಟ್ಟನ್ನೂ ಚಿಮ್ಮಲಿಲ್ಲ.

ಪೆಟ್ರೋಲಿನ ದಾರಿ

ಬೀಟಲ್ಲಿನಲ್ಲಿ ಪೆಟ್ರೋಲ್ ಕಾರಿನ ಪೂರ್ತಿ ಉದ್ದವನ್ನು ದಾಟಿ ಬರಬೇಕು. ಟ್ಯಾಂಕಿನ ತಳದಲ್ಲಿರುವ ಜಾಲರಿ, ಅಲ್ಲಿಂದ ಗೇಣುದ್ದದ ರಬ್ಬರ್ ಪೈಪು, ಚಾಸಿಸ್ಸಿನ ನಡುಗೊಳವೆಯೊಳಗೆ ಹಾದುಹೋಗುವ ಉಕ್ಕಿನ ಸಣ್ಣ ಕೊಳವೆ, ಹಿಂದೆ ಗೇರ್‌ಬಾಕ್ಸಿನ ಬಳಿ ಮತ್ತೊಂದು ರಬ್ಬರ್ ಪೈಪು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಕ್ಕದ ಯಾಂತ್ರಿಕ ಪಂಪು, ಕೊನೆಗೆ ಕಾರ್ಬ್ಯುರೇಟರ್. ಇಷ್ಟು ಉದ್ದದ ದಾರಿಯಲ್ಲಿ ಒಂದು ತುದಿಯಿಂದ ಹುಡುಕುತ್ತ ಹೋಗುವುದಕ್ಕಿಂತ ನಡುವೆ ಕತ್ತರಿಸಿ ನೋಡಿ ಅರ್ಧ ದಾರಿಯನ್ನು ಒಂದೇ ಸಲಕ್ಕೆ ಸಂಶಯದಿಂದ ಬಿಡಿಸುವುದು ಲೇಸು.

ಎಲ್ಲಕ್ಕೂ ಮೊದಲು ಟ್ಯಾಂಕಿನ ಮುಚ್ಚಳವನ್ನು ತೆರೆಯಬೇಕು. ಈ ಮಾದರಿಯಲ್ಲಿ ಅದು ಮುಂದಿನ ಬಾನೆಟ್ಟಿನ ಒಳಗಿದೆ. ತೆರೆದಾಗ ಉಸ್ಸೆಂದು ಗಾಳಿ ಒಳಗೆ ನುಗ್ಗಿದರೆ ಟ್ಯಾಂಕಿನ ಗಾಳಿಕಿಂಡಿ ಕಟ್ಟಿದೆ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದೆ ಒಳಗೆ ನಿರ್ವಾತವಾಗಿ ಪಂಪು ಎಳೆಯಲಾರದೆ ಸೋಲುತ್ತದೆ. ಬಣ್ಣ ಹೊಡೆದ ಮೇಲೆ ಹೊಸ ಮುಚ್ಚಳ ಹಾಕಿದ ಕಾರುಗಳಲ್ಲಿ ಇದು ಸಾಮಾನ್ಯ, ಮತ್ತು ಇದೂ ಸಹ ಅರ್ಧ ಗಂಟೆಯಲ್ಲಿ ತಾನಾಗಿ ಸರಿಹೋಗುವ ದೋಷ. ನಮ್ಮದು ಉಸ್ಸೆನ್ನಲಿಲ್ಲ.

ಮುಂದಿನದು ಕಾರ್ಬ್ಯುರೇಟರಿನ ಬಾಯಿಯ ಪೈಪು. ಕಾಯಿಲಿಗೆ ವಿದ್ಯುತ್ತು ತರುವ ತಂತಿಯನ್ನು ಕಳಚಿಟ್ಟು, ಪೈಪಿನ ತುದಿಯನ್ನು ಗಾಜಿನ ಬಾಟಲಿಯೊಳಗೆ ಇಳಿಸಿ ಸೆಲ್ಫ್ ಹೊಡೆದರೆ ಪ್ರತಿ ಹೊಡೆತಕ್ಕೂ ಪೆಟ್ರೋಲ್ ಪಿಚಕ್ಕೆಂದು ಬೀಳಬೇಕು. ನಮ್ಮ ಬಾಟಲಿಗೆ ಬಂದದ್ದು ಗುಳ್ಳೆಗಳು ಮತ್ತು ಒಂದಿಷ್ಟು ನೊರೆ. ಇಲ್ಲಿ ಅವಸರಪಟ್ಟವರು ಪಂಪು ಕೆಟ್ಟಿದೆ ಎನ್ನುತ್ತಾರೆ, ಗುಳ್ಳೆ ನೋಡಿದವರು ಕುದಿದಿದೆ ಎನ್ನುತ್ತಾರೆ. ಎರಡನ್ನೂ ಹೇಳಲು ಇನ್ನೂ ಆಧಾರವಿಲ್ಲ, ಏಕೆಂದರೆ ಎಳೆಯಲು ಪೆಟ್ರೋಲೇ ಸಿಗದ ಪಂಪು ಕೂಡ ಗುಳ್ಳೆಗಳನ್ನೇ ಕೊಡುತ್ತದೆ.

ಆದ್ದರಿಂದ ಮೂರನೆಯ ಜಾಗ: ಕಾರಿನ ಮುಂಬದಿ, ಟ್ಯಾಂಕಿನ ಕೆಳಗಿನ ರಬ್ಬರ್ ಪೈಪು. ಅದನ್ನು ಉಕ್ಕಿನ ಕೊಳವೆಯಿಂದ ಕಳಚಿ ಬಾಟಲಿಗೆ ಹಿಡಿದರೆ ಪಂಪಿನ ಹಂಗಿಲ್ಲದೆ ತನ್ನ ಭಾರಕ್ಕೇ ಪೆಟ್ರೋಲ್ ಬೆರಳ ತುದಿಯಷ್ಟು ದಪ್ಪವಲ್ಲದಿದ್ದರೂ ಒಂದೇ ಸಮನಾದ ಧಾರೆಯಾಗಿ ಬೀಳಬೇಕು. ಅಣ್ಣನ ಮಗ ರಸ್ತೆಯ ಮೇಲೆ ಗೋಣಿಚೀಲ ಹಾಸಿಕೊಂಡು ಮಲಗಿ ಪೈಪು ಹಿಡಿದಿದ್ದ. ಮೊದಲು ಒಂದು ಚೊಂಬಿನಷ್ಟು ಬಿತ್ತು, ಅಲ್ಲ, ಬಿದ್ದೀತೆಂದುಕೊಂಡೆವು. ಬಿದ್ದದ್ದು ತೊಟ್ಟು, ಮತ್ತೊಂದು ತೊಟ್ಟು, ಸಲೈನ್ ಬಾಟಲಿಯಂತೆ. ಟ್ಯಾಂಕಿನಲ್ಲಿ ಆಗ ಅರ್ಧಕ್ಕಿಂತ ಹೆಚ್ಚು ಪೆಟ್ರೋಲ್ ಇತ್ತು. ಸೈಕಲ್ ಪಂಪಿನ ಮೂತಿಯನ್ನು ಆ ಪೈಪಿಗೆ ಒತ್ತಿ ಹಿಡಿದು ಮೆಲ್ಲಗೆ ಎರಡು ಸಲ ಒತ್ತಿದೆ. ಅವನು ಟ್ಯಾಂಕಿಗೆ ಕಿವಿಗೊಟ್ಟಿದ್ದ. "ಕಾಕಾ, ಒಳಗ ಗುಳುಗುಳು ಅಂತೈತಿ" ಎಂದ. ಪಂಪು ತೆಗೆದ ಕೂಡಲೇ ಕಿತ್ತಳೆ ಬಣ್ಣದ ಪೆಟ್ರೋಲ್ ಧಾರೆಯಾಗಿ ಅವನ ಮುಂಗೈ ತೋಯಿಸಿತು. ಇಂಜಿನ್ ಮುಟ್ಟಲಾರದಷ್ಟು ಬಿಸಿಯಿದ್ದಾಗಲೇ ಕಾರು ಹೊರಟಿತು. ನಿಂತ ಹೊತ್ತಿನಿಂದ ಹೊರಡುವ ಹೊತ್ತಿನವರೆಗೆ ಹನ್ನೊಂದು ನಿಮಿಷ. ಹಸಿ ಬಟ್ಟೆ ಸುತ್ತಿರಲಿಲ್ಲ.

ನಡೆದದ್ದು ಇಷ್ಟು. ಟ್ಯಾಂಕಿನೊಳಗಿನ ತುಕ್ಕಿನ ಚಕ್ಕೆಗಳು ಪೆಟ್ರೋಲ್ ವೇಗವಾಗಿ ಹರಿಯುವಾಗ ಜಾಲರಿಯತ್ತ ಸರಿದು ಒಂದರ ಮೇಲೊಂದು ಕೂತು ಬಾಯಿ ಮುಚ್ಚುತ್ತವೆ. ಇಂಜಿನ್ ನಿಂತಾಗ ಎಳೆತ ನಿಲ್ಲುತ್ತದೆ, ಚಕ್ಕೆಗಳು ನಿಧಾನವಾಗಿ ಕಳಚಿಕೊಂಡು ತಳಕ್ಕೆ ಹರಡುತ್ತವೆ, ದಾರಿ ತೆರೆಯುತ್ತದೆ. ಊರೊಳಗಿನ ನಿಧಾನದ ಓಟದಲ್ಲಿ ಎಳೆತ ಸಾಲದೆ ಅವು ಜಾಲರಿಯವರೆಗೆ ಬರುವುದೇ ಇಲ್ಲ. ಶಾಖಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಟ್ಯಾಂಕು

ಟ್ಯಾಂಕನ್ನು ಬರಿದು ಮಾಡಿ, ನಾಲ್ಕು ಮೂಲೆಯ ಬೋಲ್ಟುಗಳನ್ನು ಬಿಚ್ಚಿ ಹೊರತೆಗೆಯುವುದು ಒಂದು ಗಂಟೆಯ ಕೆಲಸ. ಒಳಗೆ ಟಾರ್ಚು ಬಿಟ್ಟು ನೋಡಿದಾಗ ಮೇಲ್ಭಾಗದ ತಗಡು ತಳಕ್ಕಿಂತ ಹೆಚ್ಚು ತುಕ್ಕು ಹಿಡಿದಿರುವುದು ಕಂಡಿತು. ಇದರಲ್ಲಿ ಆಶ್ಚರ್ಯವಿಲ್ಲ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಪೆಟ್ರೋಲ್ ಮುಟ್ಟಿದ ಭಾಗ ಉಳಿದುಕೊಳ್ಳುತ್ತದೆ, ಮೇಲಿನ ಖಾಲಿ ಭಾಗದಲ್ಲಿ ಮಳೆಗಾಲದ ತೇವ ಹನಿಗಟ್ಟಿ ತುಕ್ಕು ಹಿಡಿಸುತ್ತದೆ. ಕಾರು ಓಡಲಾರಂಭಿಸಿ ಪೆಟ್ರೋಲ್ ಒಳಗೆ ತುಳುಕಾಡಿದಾಗ ಆ ಚಕ್ಕೆಗಳು ಕಳಚಿ ಬೀಳುತ್ತವೆ. ತಳದಲ್ಲಿದ್ದುದನ್ನು ಬಿಳಿಯ ಪಂಚೆಯ ತುಂಡಿನಲ್ಲಿ ಸೋಸಿದಾಗ ಚಹಾಪುಡಿಯಂತಹ ಗಸಿ ಎರಡು ಮುಷ್ಟಿ ಸಿಕ್ಕಿತು. ಅದರೊಳಗೆ ಅಗಲವಾದ ತೆಳು ಚಕ್ಕೆಗಳು, ಒಣಗಿದ ಈರುಳ್ಳಿ ಸಿಪ್ಪೆಯಂತಹವು, ಹತ್ತಿಪ್ಪತ್ತು ಇದ್ದವು. ಪುಡಿ ಜಾಲರಿಯನ್ನು ದಾಟಿ ಹೋಗುತ್ತದೆ. ಬಾಯಿ ಮುಚ್ಚುವುದು ಈ ಸಿಪ್ಪೆಗಳು.

ಇನ್ನೊಂದು ಕಾರಣವನ್ನೂ ಹೇಳಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ನೀರಿನೊಡನೆ ತಳಕ್ಕಿಳಿಯುತ್ತದೆ, ಅಲ್ಲಿ ತುಕ್ಕಿಗೆ ಹಬ್ಬ. ಹಳೆಯ ಟ್ಯಾಂಕಿನ ಗೋಡೆಗೆ ಅಂಟಿಕೊಂಡ ಅಂಟು ಪದರವನ್ನೂ ಅದು ಸಡಿಲಿಸುತ್ತದೆ. 1966ರ ಕಾಲದ ರಬ್ಬರನ್ನು ಅದು ಒಳಗಿನಿಂದ ಉಬ್ಬಿಸಿ ಮೆದುವಾಗಿಸುವುದರಿಂದ, ಹೊರಗೆ ಬಟ್ಟೆಯ ಹೆಣಿಗೆ ಹೊಸದಾಗಿ ಕಂಡರೂ ಒಳಗಿನ ತೂತು ಕಿರಿದಾಗಿರಬಹುದು. ಪೈಪನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಮಾತ್ರ ಇದು ತಿಳಿಯುತ್ತದೆ. ಎಥನಾಲ್ ತಾಳುವ ಪೈಪನ್ನೇ ಹಾಕಿಸಬೇಕು, ಮತ್ತು ಅದನ್ನು ಬೆರಳಿನಿಂದ ಸಿಕ್ಕಿಸಿ ಬಿಡದೆ ಕ್ಲಿಪ್ಪು ಬಿಗಿಯಬೇಕು. ಇಂಜಿನ್ ಗೂಡಿನಲ್ಲಿ ಪೈಪು ಕಳಚಿ ಬೆಂಕಿ ಬಿದ್ದು ಸುಟ್ಟುಹೋದ ಬೀಟಲ್ಲುಗಳು ಲೋಕದಲ್ಲಿ ಕಡಿಮೆಯಿಲ್ಲ.

ತೊಳೆಯುವ ಬಗೆಯಲ್ಲಿ ನನಗೆ ಕೆಲವು ಹಟಗಳಿವೆ. ಟ್ಯಾಂಕಿನೊಳಗೆ ಹಿಡಿ ನಟ್ಟುಗಳನ್ನು ಹಾಕಿ ಅಲುಗಾಡಿಸಿದರೆ ತುಕ್ಕು ಉದುರುತ್ತದೆಂಬುದು ನಿಜ, ಆದರೆ ನಾನು ಅರವತ್ತು ನಟ್ಟು ಹಾಕಿ ಐವತ್ತೊಂಬತ್ತನ್ನು ತೆಗೆದೆ. ಆ ಒಂದಕ್ಕಾಗಿ ಒಂದು ಇಡೀ ರವಿವಾರ ಹೋಯಿತು. ಈಗ ಎರಡು ಮೀಟರ್ ಸರಪಳಿಯನ್ನು ಬಳಸುತ್ತೇನೆ, ಬಾಲ ಹಿಡಿದು ಎಳೆದರೆ ಪೂರ್ತಿ ಬರುತ್ತದೆ. ಅದಾದ ಮೇಲೆ ಫಾಸ್ಫಾರಿಕ್ ಆಮ್ಲದಿಂದ ಮಾಡಿದ ತುಕ್ಕು ತೆಗೆಯುವ ದ್ರಾವಣ, ನಂತರ ನೀರು, ನಂತರ ಅಡುಗೆ ಸೋಡಾ ಬೆರೆಸಿದ ನೀರು, ಮತ್ತೆ ನೀರು, ಕೂಡಲೇ ಬಿಸಿಲು ಮತ್ತು ಗಾಳಿಯಲ್ಲಿ ಪೂರ್ತಿ ಒಣಗಿಸಿ, ಒಂದು ಲೋಟ ಆಯಿಲ್ ಬೆರೆಸಿದ ಪೆಟ್ರೋಲನ್ನು ಒಳಗೆಲ್ಲ ಹೊರಳಾಡಿಸಬೇಕು. ಬಚ್ಚಲು ತೊಳೆಯುವ ಆ್ಯಸಿಡ್ ಬೇಡ. ಅದು ತುಕ್ಕಿನ ಜೊತೆಗೆ ಬೆಸುಗೆಯನ್ನೂ ತಿನ್ನುತ್ತದೆ, ತೊಳೆದ ಅರ್ಧ ಗಂಟೆಯಲ್ಲಿ ಹೊಸ ತುಕ್ಕನ್ನೂ ಹಿಡಿಸುತ್ತದೆ. ಒಳಗೆ ಬಳಿಯುವ ಸೀಲರ್ ಬಗ್ಗೆ ನನಗೆ ವಿಶ್ವಾಸವಿಲ್ಲ, ಅದು ಸಿಪ್ಪೆಯೆದ್ದರೆ ತುಕ್ಕಿನ ಸಿಪ್ಪೆಗಿಂತ ದೊಡ್ಡ ತೊಂದರೆ. ಸೂಜಿ ತೂತುಗಳಿದ್ದರೆ ಟ್ಯಾಂಕು ದುರಸ್ತಿಯ ಅನುಭವವಿದ್ದವರಲ್ಲಿಗೇ ಒಯ್ಯಬೇಕು. ಬರಿದು ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿನ ಆವಿ ಬಾಂಬಿಗೆ ಸಮ. ನಮ್ಮ ವೆಲ್ಡರ್ ಯಾವ ತಗಡನ್ನಾದರೂ ಬೆಸೆಯುತ್ತಾನೆ, ಪೆಟ್ರೋಲ್ ಟ್ಯಾಂಕೆಂದರೆ ಕೈ ಮುಗಿಯುತ್ತಾನೆ. ಅದು ಅವನ ಜಾಣತನ.

ಜೋಡಿಸುವಾಗ ಜಾಲರಿಯನ್ನು ಹೊಸದು ಮಾಡಿ, ಟ್ಯಾಂಕಿನ ಕೆಳಗೆ, ಮುಂಬದಿಯಲ್ಲಿಯೇ, ಪಾರದರ್ಶಕ ಫಿಲ್ಟರ್ ಹಾಕಬೇಕು. ಇಂಜಿನ್ ಗೂಡಿನಲ್ಲಿ ಪಂಪಿಗೂ ಕಾರ್ಬ್ಯುರೇಟರಿಗೂ ನಡುವೆ ಅದನ್ನು ನೇತುಹಾಕುವುದು ನೋಡಲು ಅನುಕೂಲವೆಂದು ಬಹಳ ಜನ ಹಾಗೆಯೇ ಮಾಡುತ್ತಾರೆ. ಫಿಲ್ಟರಿನ ಭಾರಕ್ಕೆ ಪೈಪು ಅಲುಗಾಡಿ, ಕಾರ್ಬ್ಯುರೇಟರಿಗೆ ಒತ್ತಿ ಕೂರಿಸಿದ ಹಿತ್ತಾಳೆಯ ನಳಿಗೆಯೇ ಕಾಲಾಂತರದಲ್ಲಿ ಸಡಿಲಾಗಿ ಕಳಚಬಹುದು. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ಸುರಿದರೆ ಆಗುವುದನ್ನು ವಿವರಿಸಬೇಕಾಗಿಲ್ಲ.

ಧಾರೆ ಚಿಮ್ಮಿದರೂ ಕಿಡಿ ಇಲ್ಲದಿದ್ದರೆ

ಬಿಸಿಗೆ ಕೆಟ್ಟು ತಂಪಿಗೆ ಸರಿಹೋಗುವ ಭಾಗಗಳಲ್ಲಿ ಕಂಡೆನ್ಸರಿಗೆ ಮೊದಲ ಸ್ಥಾನ. ಮನೆಯಲ್ಲಿಯೇ ಡಿಸ್ಟ್ರಿಬ್ಯೂಟರಿನ ಮೇಲೆ ಹೇರ್ ಡ್ರೈಯರ್ ಹಿಡಿದು ಐದು ನಿಮಿಷ ಕಾಯಿಸಿದರೆ ಘಾಟಿಗೆ ಹೋಗದೆಯೇ ದೋಷ ಕಾಣಿಸುತ್ತದೆ. ಕಾಯಿಲ್ ಕೂಡ ಇದೇ ಪರೀಕ್ಷೆಗೆ ಬಗ್ಗುತ್ತದೆ. ಪಾಯಿಂಟುಗಳ ಅಂತರ 0.4 ಮಿ.ಮೀ. ಇರಬೇಕು, ಕ್ಯಾಮಿಗೆ ಉಜ್ಜುವ ಅದರ ಸಣ್ಣ ಹಿಮ್ಮಡಿ ಸವೆದಾಗ ಅಂತರ ತಾನಾಗಿ ಕಿರಿದಾಗುತ್ತ ಬರುತ್ತದೆ. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟಿನ ತಟ್ಟೆ ಅಡ್ವಾನ್ಸಿಗೆ, ಅಂದರೆ ಕಿಡಿಯನ್ನು ಮುಂಚಿತವಾಗಿ ಹಾರಿಸುವುದಕ್ಕೆ, ತಕ್ಕಂತೆ ತಿರುಗುವಾಗ ಜೊತೆಗೆ ಬಾಗುವ ಚಿಕ್ಕ ತಂತಿಯೊಂದಿದೆ. ಅದು ಬಟ್ಟೆಯೊಳಗೇ ತುಂಡಾಗಿ, ನಿಧಾನದಲ್ಲಿ ತಾಗಿ ವೇಗದಲ್ಲಿ ಬಿಟ್ಟು ಆಟವಾಡಿಸುತ್ತದೆ. ಇದನ್ನು ಕಣ್ಣಿನಿಂದ ಹುಡುಕದೆ ಬೆರಳಿನಿಂದ ಬಾಗಿಸಿ ನೋಡಬೇಕು. ಕೀಲಿ ಸ್ವಿಚ್ಚಿನ ಮೇಲೆ ಸಂಶಯವಿದ್ದರೆ ಬ್ಯಾಟರಿಯ ಧನ ತುದಿಯಿಂದ ಕಾಯಿಲಿನ 15ನೆಯ ಸಂಖ್ಯೆಯ ತುದಿಗೆ ನೇರ ತಂತಿ ಎಳೆದು ಓಡಿಸಿ ನೋಡಿದರೆ ಸಾಕು.

ನಿಜವಾಗಿಯೂ ಕಾಯುತ್ತಿದ್ದರೆ

ತುಕ್ಕು ಹಿಡಿದ ಕಾರನ್ನು ಎಬ್ಬಿಸುವವರು ಇಂಜಿನ್ನಿನ ಸುತ್ತಲಿನ ತಗಡುಗಳನ್ನು ಅಲಂಕಾರವೆಂದು ಭಾವಿಸಿ, ತುಕ್ಕು ತಿಂದವನ್ನು ಎಸೆದು, ಬಿಟ್ಟುಬಿಡುತ್ತಾರೆ. ಗಾಳಿಯಿಂದ ತಂಪಾಗುವ ಇಂಜಿನ್ನಿಗೆ ಆ ತಗಡುಗಳೇ ರೇಡಿಯೇಟರು. ಫ್ಯಾನಿನ ಗಾಳಿಯನ್ನು ಸಿಲಿಂಡರುಗಳ ರೆಕ್ಕೆಗಳ ನಡುವೆಯೇ ಹಾಯಿಸುವುದು, ಕೆಳಗಿನ ಸೈಲೆನ್ಸರಿನ ಬಿಸಿ ಮತ್ತೆ ಮೇಲೆ ಬಂದು ಫ್ಯಾನಿನ ಬಾಯಿ ಸೇರದಂತೆ ತಡೆಯುವುದು ಇವುಗಳ ಕೆಲಸ. ಅಂಚಿನ ರಬ್ಬರ್ ಪಟ್ಟಿ ಬಣ್ಣದ ಕೆಲಸಕ್ಕಾಗಿ ಕಿತ್ತವರ ಕೈಯಲ್ಲಿ ಕಳೆದುಹೋಗಿರುತ್ತದೆ. ಇಂಜಿನ್ ಬಾಗಿಲು ತೆರೆದು, ಇಂಜಿನ್ ಓಡುತ್ತಿರುವಾಗ ಅಂಚಿನ ಬಿರುಕಿನ ಬಳಿ ಕಾಗದದ ಚೂರು ಹಿಡಿದರೆ ಕೆಳಗಿನಿಂದ ಗಾಳಿ ಮೇಲೇಳುತ್ತಿರುವುದು ಕಾಣುತ್ತದೆ.

ಫ್ಯಾನಿನ ಗೂಡಿನೊಳಗೆ ಇಲಿಯ ಗೂಡು, ಹಳೆಯ ಬಟ್ಟೆ, ಹುಲ್ಲು ಇರಬಹುದು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಇದನ್ನು ಇಂಜಿನ್ ಚಾಲೂ ಮಾಡುವ ಮೊದಲೇ ನೋಡಬೇಕು. ಗೂಡಿನ ಕೆಳಗಿನ ರೆಪ್ಪೆಗಳನ್ನು ತೆರೆಯುವ ಥರ್ಮೋಸ್ಟಾಟ್ ಬಲಗಡೆಯ ಸಿಲಿಂಡರುಗಳ ಕೆಳಗಿದೆ, 65ರಿಂದ 70 ಡಿಗ್ರಿಗೆ ಅದು ಉಬ್ಬಿ ರೆಪ್ಪೆಗಳನ್ನು ತೆರೆಯಬೇಕು. ತುಕ್ಕಿನಿಂದ ರೆಪ್ಪೆ ಮುಚ್ಚಿದಲ್ಲೇ ಹಿಡಿದುಕೊಂಡಿದ್ದರೆ ಇಂಜಿನ್ ಬೇಯುತ್ತದೆ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 15 ಮಿ.ಮೀ. ಬಗ್ಗಬೇಕು, ಹೆಚ್ಚು ಬಗ್ಗಿದರೆ ಪುಲ್ಲಿಯ ಎರಡು ಹೋಳುಗಳ ನಡುವಿನ ವಾಷರೊಂದನ್ನು ತೆಗೆದು ಹೊರಗೆ ಹಾಕಬೇಕು. ಬೆಲ್ಟು ತುಂಡಾದರೆ ಡೈನಮೋದ ಜೊತೆಗೆ ಫ್ಯಾನೂ ನಿಲ್ಲುವುದರಿಂದ, ಓಡುವಾಗ ಚಾರ್ಜಿಂಗ್ ದೀಪ ಹತ್ತಿದರೆ ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣವೆನ್ನದೆ ಅಲ್ಲಿಯೇ ನಿಲ್ಲಿಸಬೇಕು.

ಮೂರನೆಯ ಸಿಲಿಂಡರಿನ ಮೇಲೆ ವಿಶೇಷ ಕಣ್ಣಿರಲಿ. ಎಡಬದಿಯ ಮುಂದಿನದು ಅದು. 1971ರ ಮಾದರಿಗಿಂತ ಮೊದಲಿನ ಇಂಜಿನ್ನುಗಳಲ್ಲಿ ಆಯಿಲ್ ಕೂಲರ್ ಫ್ಯಾನಿನ ಗೂಡಿನೊಳಗೇ ಎಡಬದಿಯಲ್ಲಿ ನಿಂತಿರುವುದರಿಂದ ಆ ಕಡೆಗೆ ಹೋಗುವ ಗಾಳಿ ಮೊದಲೇ ಬಿಸಿಯಾಗಿರುತ್ತದೆ. ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಟ್ಯಾಪೆಟ್ ಅಂತರವನ್ನು, ಇಂಜಿನ್ ಪೂರ್ತಿ ತಣ್ಣಗಿದ್ದಾಗ, 0.15 ಮಿ.ಮೀ. ಇಡುತ್ತೇನೆ. ಮೂರನೆಯದರ ಎಕ್ಸಾಸ್ಟ್ ವಾಲ್ವಿನ ಅಂತರ ಪ್ರತಿ ಸಲವೂ ಕಿರಿದಾಗುತ್ತಲೇ ಬಂದರೆ ವಾಲ್ವು ಹಿಗ್ಗುತ್ತಿದೆ ಅಥವಾ ಅದರ ಪೀಠ ಕುಳಿಯುತ್ತಿದೆ ಎಂದು ತಿಳಿದು, ಮತ್ತೆ ಮತ್ತೆ ಸರಿಪಡಿಸಿ ಓಡಿಸುವುದನ್ನು ಬಿಟ್ಟು ಹೆಡ್ ಬಿಚ್ಚಬೇಕು. ಇದಲ್ಲದೆ ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಪೆಟ್ರೋಲ್ ಸಾಲದ್ದಾಗಿ ಇಂಜಿನ್ ಹೆಚ್ಚು ಕಾಯುತ್ತದೆ. ಪ್ಲಗ್ಗು ಸುಣ್ಣದಂತೆ ಬೆಳ್ಳಗಿದ್ದರೆ ಒಂದು ಅಳತೆ ದೊಡ್ಡ ಮುಖ್ಯ ಜೆಟ್ಟನ್ನು ಹಾಕಿ ನೋಡಬಹುದು. ಇಗ್ನಿಷನ್ ಟೈಮಿಂಗ್, ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವ ಎಷ್ಟು ಮೊದಲು ಕಿಡಿ ಹಾರಬೇಕೆಂಬುದು, ಈ ಇಂಜಿನ್ನಿಗೆ 7.5 ಡಿಗ್ರಿ. ಇಂಜಿನ್ನಿನಲ್ಲಿ ಎರಡೂವರೆ ಲೀಟರ್ ಆಯಿಲ್ ಮಾತ್ರ ಇರುವುದರಿಂದ ಅರ್ಧ ಲೀಟರ್ ಕಡಿಮೆಯಾದರೂ ಅದು ಐದರಲ್ಲೊಂದು ಪಾಲು.

ಇನ್ನು ಆ ಹಬೆಯ ವಿಷಯ. ಪೆಟ್ರೋಲ್ ಕುದಿಯುವುದು ಸುಳ್ಳಲ್ಲ. ಆದರೆ ಫ್ಯಾನು ಭರ್ರೆಂದು ತಿರುಗುತ್ತ ತಂಪು ಪೆಟ್ರೋಲ್ ಹರಿಯುತ್ತಿರುವ ಓಟದ ನಡುವೆ ಅದು ಆಗುವುದು ವಿರಳ. ಬಿಸಿ ಇಂಜಿನ್ನನ್ನು ಆರಿಸಿ ಚಹಾ ಕುಡಿದು ಹತ್ತು ನಿಮಿಷಕ್ಕೆ ಬಂದು ಸೆಲ್ಫ್ ಹೊಡೆದಾಗ ಹೊರಡದಿದ್ದರೆ ಆಗ ಅದನ್ನು ಸಂಶಯಿಸಬೇಕು.

ಉಳಿದುಕೊಂಡ ಇನ್ನೊಂದು ದೋಷ

ಟ್ಯಾಂಕು ಸರಿಯಾದ ಮೇಲೆ ಕಾರು ನಿಲ್ಲುವುದು ನಿಂತಿತು, ಆದರೆ ಬಿಸಿಯಿದ್ದಾಗ ಸೆಲ್ಫ್ ಮುದುಕನಂತೆ ನರಳುತ್ತ ತಿರುಗುವುದು ಉಳಿಯಿತು. ಇಲ್ಲಿಯೂ ಬ್ಯಾಟರಿಯ ಮೇಲೆ ಆರೋಪ ಹೊರಿಸುವುದು ಸುಲಭ. 6 ವೋಲ್ಟಿನ ಕಾರಿನಲ್ಲಿ ಒಂದು ವೋಲ್ಟು ದಾರಿಯಲ್ಲಿ ಕಳೆದರೆ ಆರರಲ್ಲೊಂದು ಪಾಲು ಹೋದಂತೆ, ಆದ್ದರಿಂದ ಅಳೆಯಬೇಕಾದದ್ದು ದಾರಿಯನ್ನು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಕಂಬದ ಮೇಲೆ (ಕ್ಲಾಂಪಿನ ಮೇಲಲ್ಲ), ಇನ್ನೊಂದನ್ನು ಗೇರ್‌ಬಾಕ್ಸಿನ ಬರಿಯ ಲೋಹದ ಮೇಲೆ ಇಟ್ಟು, ಸೆಲ್ಫ್ ಹೊಡೆಯುತ್ತಿರುವಾಗಲೇ ಓದಬೇಕು. 0.2 ವೋಲ್ಟಿನೊಳಗಿದ್ದರೆ ಒಳ್ಳೆಯದು. ನಮ್ಮದು 1.1 ತೋರಿಸಿತು.

ಬೀಟಲ್ಲಿನ ಇಂಜಿನ್ನೂ ಗೇರ್‌ಬಾಕ್ಸೂ ರಬ್ಬರಿನ ಮೇಲೆ ಕೂತಿವೆ. ಚಾಸಿಸ್ಸಿಗೂ ಅವಕ್ಕೂ ಇರುವ ದಪ್ಪನೆಯ ವಿದ್ಯುತ್ ಸಂಬಂಧ ಗೇರ್‌ಬಾಕ್ಸಿನ ಮೂತಿಯ ಬಳಿಯ ಹೆಣೆದ ತಾಮ್ರದ ಪಟ್ಟಿಯೊಂದೇ. ಬಣ್ಣದವರು ಪಟ್ಟಿ ಕಳಚಿ, ಚಾಸಿಸ್ಸಿಗೆ ಎರಡು ಕೋಟು ಹೊಡೆದು, ಬಣ್ಣದ ಮೇಲೆಯೇ ಪಟ್ಟಿಯನ್ನು ಬಿಗಿದಿದ್ದರು. ಕೆಲಸ ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನನಗೇ ಕೆರೆಯಲು ಮನಸ್ಸು ಬರಲಿಲ್ಲ. ಬೋಲ್ಟು ಕೂರುವಷ್ಟೇ ವೃತ್ತವನ್ನು ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜಿ, ಹೊಸ ಪಟ್ಟಿ ಹಾಕಿ, ಮೇಲೆ ಗ್ರೀಸು ಸವರಿದ ಮೇಲೆ ಮೀಟರು 0.15ಕ್ಕೆ ಇಳಿಯಿತು. ಬ್ಯಾಟರಿಯ ಋಣ ತಂತಿ ತಳದ ತಗಡಿಗೆ ಕೂರುವ ಜಾಗದಲ್ಲೂ ಇದೇ ಕೆಲಸ ಮಾಡಿದೆ. ಒಂದು ಬದಿಯ ಇಂಡಿಕೇಟರ್ ಹಾಕಿದಾಗ ಇನ್ನೊಂದು ದೀಪವೂ ಮಂದವಾಗಿ ಮಿಣುಕುವುದು ಅಲ್ಲಿಯವರೆಗೂ ಇತ್ತು, ಹಿಂದಿನ ದೀಪದ ಬುಡದ ಬಣ್ಣ ಕೆರೆದ ಮೇಲೆ ಅದೂ ಹೋಯಿತು.

ಟ್ಯಾಂಕು ತೊಳೆದ ಮೇಲಿನ ಮೊದಲ ಫಿಲ್ಟರ್ 100 ಕಿ.ಮೀ.ಗೆ ಕಂದಾಗಿತ್ತು, ಎರಡನೆಯದು 500ಕ್ಕೆ. ಈಗಿರುವುದು ಮೂರನೆಯದು. ಮೊನ್ನೆ ಕಾತ್ರಜ್ ಘಾಟನ್ನು ಹತ್ತಿ ಹಳೆಯ ಸುರಂಗ ದಾಟಿದ ಮೇಲೆ ಕೆಳಗೆ ಬಗ್ಗಿ ನೋಡಿದಾಗ ಅದರ ತಳದಲ್ಲಿ ಸಾಸಿವೆ ಕಾಳಿನಷ್ಟು ತುಕ್ಕು ಕೂತಿತ್ತು. ಕಾಗದದ ಮಡಿಕೆಗಳು ಇನ್ನೂ ಹಳದಿಯಾಗಿಯೇ ಇದ್ದವು.